ಊರಿಗೆ ಸಿಸಿಟಿವಿ ಬೇಕೇ? ಸರಕಾರಿ ಹಣ ಕೇಳುವ ಮುನ್ನ, ಕೇಳುವಾಗ, ಬಂದ ಮೇಲೆ

ನಮ್ಮದು ಪಟ್ಟಣ ಪಂಚಾಯಿತಿ ಇರುವ ಊರು. ಬಸ್ ನಿಲ್ದಾಣದ ಸರ್ಕಲ್‌ನಲ್ಲಿ ಒಂದು ಕಂಬ, ಅದರ ಮೇಲೆ ನಾಲ್ಕು ಕ್ಯಾಮೆರಾ. ತೆಂಗಿನಕಾಯಿ ಒಡೆದು, ಟೇಪ್ ಕತ್ತರಿಸಿ ಉದ್ಘಾಟನೆ ಮಾಡಿದ್ದರು. ವರ್ಷ ತುಂಬುವ ಮೊದಲೇ ಅದೇ ಸರ್ಕಲ್‌ನಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಮ್ಮ ಬೀದಿಯ ಟೀಚರ್ ಒಬ್ಬರ ಸರ ಕಿತ್ತುಕೊಂಡು ಹೋದರು. ಕ್ಯಾಮೆರಾದಲ್ಲಿ ಸಿಕ್ಕೇ ಸಿಗುತ್ತದೆ ಅಂತ ಎಲ್ಲರೂ ಹೋದೆವು. ಹಗಲಿನ ಒಂದು ನಿಮಿಷದ ದೃಶ್ಯವೂ ಇರಲಿಲ್ಲ. ಕ್ಯಾಮೆರಾಗೆ ಕರೆಂಟ್ ಎಳೆದದ್ದು ಬೀದಿ ದೀಪದ ಲೈನಿನಿಂದ. ಸಂಜೆ ದೀಪ ಹತ್ತಿದರೆ ಕ್ಯಾಮೆರಾ ಎಚ್ಚರ, ಬೆಳಿಗ್ಗೆ ದೀಪ ಆರಿದರೆ ಅದಕ್ಕೂ ನಿದ್ದೆ!

ಆಮೇಲೆ ನಾವು ಆರೇಳು ಜನ ಸೇರಿಕೊಂಡು ಎರಡು ವರ್ಷ ಓಡಾಡಿದೆವು. ಪಂಚಾಯಿತಿ, ಠಾಣೆ, ಕರೆಂಟ್ ಆಫೀಸು, ಶಾಸಕರ ಕಚೇರಿ ಎಲ್ಲ ಸುತ್ತಿದ್ದಾಯಿತು. ಕ್ಯಾಮೆರಾ ಕೊಳ್ಳುವ ದುಡ್ಡು ಹುಟ್ಟುವುದು ಅಷ್ಟೇನೂ ಕಷ್ಟವಲ್ಲ. ಮೂರನೇ ವರ್ಷವೂ ಅದು ಓಡುವಂತೆ ನೋಡಿಕೊಳ್ಳುವ ದುಡ್ಡು ಮತ್ತು ಆಳು ಹುಟ್ಟುವುದೇ ಕಷ್ಟ. ಹಾಗಾಗಿ ಈ ಲೇಖನದಲ್ಲಿ ಅರ್ಜಿ ಬರೆಯುವುದರ ಬಗ್ಗೆ ಕಡಿಮೆ, ಅದರ ಹಿಂದಿನ ಮುಂದಿನ ಕೆಲಸದ ಬಗ್ಗೆ ಜಾಸ್ತಿ ಇದೆ.

ಹೆಜ್ಜೆ 1: ಮೊದಲು ಠಾಣೆಗೆ ಹೋಗಿ ಲೆಕ್ಕ ತನ್ನಿ

"ನಮ್ಮ ಏರಿಯಾದಲ್ಲಿ ಕಳ್ಳತನ ಜಾಸ್ತಿಯಾಗಿದೆ" ಅಂತ ಬರೆದ ಮನವಿಗಳು ಪ್ರತಿ ಕಚೇರಿಯಲ್ಲೂ ಗುಡ್ಡೆ ಬಿದ್ದಿರುತ್ತವೆ. ಎಲ್ಲಿ, ಏನು, ಯಾವ ಹೊತ್ತಿನಲ್ಲಿ ಅಂತ ಬರೆದ ಮನವಿ ಅಪರೂಪ. ನಿಮ್ಮ ಬೀಟ್ ಪೊಲೀಸರನ್ನು ಮಾತಾಡಿಸಿ. ಕಳೆದ ಎರಡು ವರ್ಷದಲ್ಲಿ ನಿಮ್ಮ ವಾರ್ಡಿನಲ್ಲಿ ದಾಖಲಾದ ಬೈಕ್ ಕಳವು, ಸರಗಳ್ಳತನ, ಮನೆಗಳ್ಳತನ ಎಷ್ಟು ಅಂತ ಕೇಳಿ. ಬಾಯಿಮಾತಿನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಊರಿನ ಕಷ್ಟವನ್ನೆಲ್ಲ ಅದರಲ್ಲಿ ತುಂಬಬೇಡಿ.

ಲೆಕ್ಕ ಸಿಕ್ಕ ಮೇಲೆ ಒಂದು ದೊಡ್ಡ ಹಾಳೆಯಲ್ಲಿ ಊರಿನ ನಕ್ಷೆ ಬಿಡಿಸಿ, ಪ್ರತಿ ಘಟನೆಗೆ ಒಂದು ಚುಕ್ಕೆ ಇಡಿ. ಹಗಲಿನದಕ್ಕೆ ಕೆಂಪು, ರಾತ್ರಿಯದಕ್ಕೆ ನೀಲಿ. ನಾವು ಹೀಗೆ ಮಾಡಿದಾಗ ಒಂದು ವಿಚಿತ್ರ ಕಂಡಿತು. ಎಲ್ಲರೂ ಕ್ಯಾಮೆರಾ ಕೇಳುತ್ತಿದ್ದ ದೇವಸ್ಥಾನದ ಬೀದಿಯಲ್ಲಿ ಒಂದೇ ಚುಕ್ಕೆ. ಯಾರೂ ಕೇಳದ ಸಂತೆ ಮೈದಾನದ ಹಿಂಬದಿಯಲ್ಲಿ ಒಂಬತ್ತು. ಸಂತೆಗೆ ಬಂದವರು ಬೈಕ್ ನಿಲ್ಲಿಸುವ ಜಾಗ ಅದು. ಕಳೆದುಕೊಂಡವರು ಸುತ್ತಲ ಹಳ್ಳಿಯವರು. ನಮ್ಮ ಸಭೆಗೆ ಬಂದು ಕೂಗಾಡಲು ಅವರು ಇರಲಿಲ್ಲ, ಅಷ್ಟೇ.

ಹೆಜ್ಜೆ 2: ಇದು ಕ್ಯಾಮೆರಾದಿಂದ ಗುಣವಾಗುವ ಕಾಯಿಲೆಯೇ?

ಈ ಹೆಜ್ಜೆಯನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಸರಕಾರಿ ಹಣದಲ್ಲಿ ಕ್ಯಾಮೆರಾ ಹಾಕುವ ಹುಚ್ಚು ಮೊದಲು ಹಿಡಿದದ್ದು ಬ್ರಿಟನ್ನಿಗೆ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಗೃಹ ಇಲಾಖೆ ಅಪರಾಧ ತಡೆಗೆಂದು ಇಟ್ಟ ಹಣದ ಮುಕ್ಕಾಲು ಪಾಲು ಸಿಸಿಟಿವಿಗೇ ಹೋಗುತ್ತಿತ್ತು. ಆಮೇಲೆ 2005ರಲ್ಲಿ ಮಾರ್ಟಿನ್ ಗಿಲ್ ಮತ್ತು ಏಂಜೆಲಾ ಸ್ಪ್ರಿಗ್ಸ್ ಎಂಬ ಸಂಶೋಧಕರು ಅದೇ ಇಲಾಖೆಗಾಗಿ ಲೆಕ್ಕ ಹಾಕಿ ನೋಡಿದರು. ಹೆಚ್ಚಿನ ಕಡೆ ಕ್ಯಾಮೆರಾದಿಂದಲೇ ಅಪರಾಧ ಇಳಿಯಿತು ಅಂತ ಹೇಳಲು ಆಗಲಿಲ್ಲ.

ಹಾಗಂತ ಕ್ಯಾಮೆರಾ ದಂಡ ಅಂತಲೂ ಅಲ್ಲ. ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಒಂದು ವಿಮರ್ಶೆ 2019ರಲ್ಲಿ ಬಂತು. ಎರಿಕ್ ಪಿಜಾ, ಬ್ರ್ಯಾಂಡನ್ ವೆಲ್ಶ್ ಮತ್ತು ಅವರ ಜತೆಗಾರರು ಮಾಡಿದ್ದು. ಕ್ಯಾಮೆರಾ ಇದ್ದ ಕಡೆ ಅಪರಾಧ ಸರಾಸರಿ ಶೇ 13ರಷ್ಟು ಕಡಿಮೆ ಎಂದು ಅದು ಹೇಳಿತು. ವಾಹನ ನಿಲ್ಲಿಸುವ ಜಾಗಗಳಲ್ಲಿ ಇಳಿಕೆ ಇನ್ನೂ ಜಾಸ್ತಿ, ಶೇ 37ರಷ್ಟು. ಹೊಡೆದಾಟ, ಹಲ್ಲೆಯಂಥ ಅಪರಾಧಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಕ್ಯಾಮೆರಾ ಹಾಕಿ ಬಿಟ್ಟ ಕಡೆಗಿಂತ, ಯಾರಾದರೂ ಕೂತು ನೋಡುವ ಕಡೆ, ಬೀದಿ ದೀಪ, ಗಸ್ತು ಜತೆಗಿರುವ ಕಡೆ ಫಲ ಚೆನ್ನಾಗಿತ್ತು.

ನಮ್ಮ ಮಟ್ಟಿಗೆ ಇದರ ಅರ್ಥ ಇಷ್ಟೇ. ಬೈಕ್ ಕಳವಿಗೆ ಕ್ಯಾಮೆರಾ ಕೇಳಿ. ಬಾರ್ ಮುಂದಿನ ಜಗಳಕ್ಕೆ ಗಸ್ತು ಕೇಳಿ. ಕತ್ತಲ ಓಣಿಗೆ ಮೊದಲು ದೀಪ ಕೇಳಿ, ಅದು ಅಗ್ಗ. ತೋಟದ ಪಂಪ್‌ಸೆಟ್ ಕೇಬಲ್ ಕಳವಿಗೆ ತೋಟಕ್ಕೆಲ್ಲ ಕ್ಯಾಮೆರಾ ಹಾಕಲು ಆಗದು. ಆದರೆ ಊರಿನಿಂದ ಹೊರಗೆ ಹೋಗುವ ದಾರಿಗಳು ಎರಡೋ ಮೂರೋ ಇರುತ್ತವೆ ಅಲ್ವಾ? ಅಲ್ಲಿ ಒಂದೊಂದು ಇದ್ದರೆ ನಡುರಾತ್ರಿ ಹೋದ ಗೂಡ್ಸ್ ಆಟೊ ಸಿಗುತ್ತದೆ.

ಹೆಜ್ಜೆ 3: ಹೊಸದು ಕೇಳುವ ಮುಂಚೆ ಇರುವುದನ್ನು ಎಣಿಸಿ

ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳು) ಜಾರಿ ಕಾಯ್ದೆ ಅಂತ 2017ರದ್ದೊಂದು ಇದೆ. ಒಂದೇ ಸಲಕ್ಕೆ 100 ಜನ, ಅಥವಾ ದಿನಕ್ಕೆ 500 ಜನ ಸೇರುವ ಅಂಗಡಿ ಮಳಿಗೆ, ಆಸ್ಪತ್ರೆ, ಶಾಲಾ ಕಾಲೇಜು, ದೇವಸ್ಥಾನ, ಬಸ್ ನಿಲ್ದಾಣಗಳಂಥ ಕಡೆ ಕ್ಯಾಮೆರಾ ಕಡ್ಡಾಯ. 30 ದಿನದ ದೃಶ್ಯ ಇಟ್ಟುಕೊಳ್ಳಬೇಕು. ಕಲ್ಯಾಣ ಮಂಟಪದವರಿಗೆ, ದೊಡ್ಡ ಬಟ್ಟೆ ಅಂಗಡಿಯವರಿಗೆ ಈ ಕಾಯ್ದೆ ಗೊತ್ತೇ ಇರುವುದಿಲ್ಲ. ಠಾಣೆಯಿಂದ ಒಂದು ಮಾತು ಹೋದರೆ ಸಾಕು. ಒಂದು ಕ್ಯಾಮೆರಾವನ್ನು ಸ್ವಲ್ಪ ರಸ್ತೆ ಕಡೆ ತಿರುಗಿಸಿದರೆ ಪಂಚಾಯಿತಿಗೆ ಒಂದು ಕಂಬದ ಖರ್ಚು ಉಳಿಯುತ್ತದೆ.

ನೆರೆಯ ಹೈದರಾಬಾದಿನಲ್ಲಿ "ನೇನು ಸೈತಂ", ಅಂದರೆ "ನಾನೂ ಕೂಡ" ಎಂಬ ಹೆಸರಿನಲ್ಲಿ ಪೊಲೀಸರು ಕಾಲೊನಿಯವರಿಂದ, ವ್ಯಾಪಾರಿಗಳಿಂದಲೇ ಕ್ಯಾಮೆರಾ ಹಾಕಿಸಿ ಠಾಣೆಯ ಜಾಲಕ್ಕೆ ಸೇರಿಸಿಕೊಂಡರು. ನಮ್ಮಲ್ಲೂ ಇರುವ ಖಾಸಗಿ ಕ್ಯಾಮೆರಾಗಳ ಪಟ್ಟಿ ಮಾಡಿ ಠಾಣೆಗೆ ಕೊಡಬಹುದು. ನಾವು ಎಣಿಸಿದಾಗ 31 ಸಿಕ್ಕವು. ಅದರಲ್ಲಿ ಏಳು ಕೆಟ್ಟು ಕೂತಿದ್ದವು. ಮಾಲೀಕರಿಗೇ ಗೊತ್ತಿರಲಿಲ್ಲ.

ಹೆಜ್ಜೆ 4: ಹಣ ಯಾವ ಕಪಾಟಿನಲ್ಲಿದೆ?

ಪತ್ರಿಕೆಯಲ್ಲಿ ಓದುವ ದೊಡ್ಡ ಯೋಜನೆಗಳ ಹಿಂದೆ ಹೋಗಬೇಡಿ. ಬೆಂಗಳೂರಿನ ಸೇಫ್ ಸಿಟಿ ಯೋಜನೆಗೆ, ಮಹಿಳೆಯರ ಸುರಕ್ಷತೆಗೆಂದು ಕೇಂದ್ರ ಇಟ್ಟ ನಿರ್ಭಯಾ ನಿಧಿಯಿಂದ ಹಣ ಬಂತು. 667 ಕೋಟಿ ರೂಪಾಯಿಯ ಯೋಜನೆ, ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳ ಆ ಜಾಲದ ಕಮಾಂಡ್ ಸೆಂಟರ್ 2023ರ ನವೆಂಬರ್‌ನಲ್ಲಿ ಶುರುವಾಯಿತು. ದೇಶದ ಎಂಟು ಮಹಾನಗರಗಳಿಗೆ ಮಾತ್ರ ಇದ್ದ ಯೋಜನೆ ಅದು. ಒಂದು ವಾರ್ಡಿನವರು ನೇರವಾಗಿ ಅರ್ಜಿ ಹಾಕುವ ಬಾಗಿಲು ಅಲ್ಲಿಲ್ಲ. ಸ್ಮಾರ್ಟ್ ಸಿಟಿ ಹಣವೂ ನಮ್ಮಲ್ಲಿ ಏಳು ನಗರಗಳಿಗಷ್ಟೇ ಬಂದದ್ದು, ಆ ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿಯಿತು.

ನಿಮ್ಮ ಕೈಗೆ ಎಟಕುವುದು ಮೂರು ಬಾಗಿಲು.

ಮೊದಲನೆಯದು ನಿಮ್ಮದೇ ಸ್ಥಳೀಯ ಸಂಸ್ಥೆ. ಗ್ರಾಮ ಪಂಚಾಯಿತಿಯಾದರೆ ಕಂದಾಯದಿಂದ ಬರುವ ಸ್ವಂತ ಆದಾಯ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಾದರೆ ಅದರ ಸ್ವಂತ ನಿಧಿ. ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಭಾಗ ಇಂಥದ್ದಕ್ಕೇ ಅಂತ ಕಟ್ಟಿಟ್ಟಿರುತ್ತದೆ, ಇನ್ನೊಂದು ಭಾಗಕ್ಕೆ ಆ ಕಟ್ಟು ಇಲ್ಲ. 15ನೇ ಆಯೋಗದಲ್ಲಿ ಪಂಚಾಯಿತಿಗಳಿಗೆ ಬಂದದ್ದರಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ 40ರಲ್ಲಿ ಊರಿನ ಅಗತ್ಯ ನೋಡಿಕೊಳ್ಳಬೇಕಿತ್ತು, ಅದರಲ್ಲೂ ಸಂಬಳ ಕೊಡುವ ಹಾಗಿಲ್ಲ. ಯಾವ ಹಣದಿಂದ ಕೇಳುತ್ತೀರೋ ಅದರ ಈ ವರ್ಷದ ಮಾರ್ಗಸೂಚಿಯನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜತೆ ಕೂತು ಓದಿ. "ಬರುತ್ತೆ ಬಿಡಿ" ಎಂಬ ಮಾತು ನಂಬಿ ಠರಾವು ಮಾಡಿಸಿದರೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಬಂದು ಕೂರುತ್ತದೆ.

ಎರಡನೆಯದು ಶಾಸಕರ ನಿಧಿ, ವರ್ಷಕ್ಕೆ 2 ಕೋಟಿ. ವಿಧಾನ ಪರಿಷತ್ ಸದಸ್ಯರಿಗೂ ಅಷ್ಟೇ ಇದೆ. ಅವರ ಬಾಗಿಲಲ್ಲಿ ಕ್ಯೂ ಕಡಿಮೆ, ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಮೂರನೆಯದು ಸಂಸದರ ನಿಧಿ, ವರ್ಷಕ್ಕೆ 5 ಕೋಟಿ. ಇವೆರಡರಲ್ಲೂ ಪತ್ರ ಕೊಡುವುದು ಜನಪ್ರತಿನಿಧಿ, ಮಂಜೂರು ಮಾಡುವುದು ಜಿಲ್ಲಾಡಳಿತ. ಸಂಸದರ ನಿಧಿಯಲ್ಲಿ ಒಂದು ಷರತ್ತಿದೆ: ಆಸ್ತಿಯನ್ನು ಮುಂದೆ ನಾವೇ ನಡೆಸುತ್ತೇವೆ, ರಿಪೇರಿ ಮಾಡಿಸುತ್ತೇವೆ ಅಂತ ಬಳಸುವ ಸಂಸ್ಥೆ ಮೊದಲೇ ಬರೆದುಕೊಡಬೇಕು. ಅಂದರೆ ಕಂಬ, ಕ್ಯಾಮೆರಾಗೆ ದುಡ್ಡು ಕೊಡುತ್ತಾರೆ, ಕರೆಂಟ್ ಬಿಲ್ಲಿಗೆ ಕೊಡುವುದಿಲ್ಲ. ಊರೂರಿನ ಕ್ಯಾಮೆರಾಗಳು ಕಣ್ಣು ಮುಚ್ಚುವುದು ಇಲ್ಲೇ.

ನಾವು ಮಾಡಿದ ಉಪಾಯ ಹೇಳುತ್ತೇನೆ. ಕ್ಯಾಮೆರಾ ಶಾಸಕರ ನಿಧಿಯಿಂದ, ಓಡಿಸುವ ಖರ್ಚು ಪಟ್ಟಣ ಪಂಚಾಯಿತಿ ಬಜೆಟ್ಟಿನಿಂದ. ಎರಡೂ ಪತ್ರ ಒಟ್ಟಿಗೆ ಕೈಗೆ ಬರುವ ತನಕ ಯಾವುದಕ್ಕೂ ಹಾರ ಹಾಕಲಿಲ್ಲ.

ಸಮಯವನ್ನೂ ನೋಡಿಕೊಳ್ಳಿ. ಪಂಚಾಯಿತಿಗಳಲ್ಲಿ ಮುಂದಿನ ವರ್ಷದ ಯೋಜನೆಗೆ ಗ್ರಾಮ ಸಭೆಗಳು ಅಕ್ಟೋಬರ್‌ನಿಂದ ಶುರುವಾಗುತ್ತವೆ. ಪಟ್ಟಣಗಳಲ್ಲಿ ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತಾರೆ, ನಾಲ್ಕು ಜನ ಹೋದರೂ ಮಾತು ನಡೆಯುತ್ತದೆ. ಏಪ್ರಿಲ್‌ನಲ್ಲಿ ಹೋಗಿ ಕೇಳಿದರೆ ಸಿಗುವುದು ಸುಮ್ನೆ ಒಂದು ಕಾಫಿ.

ಹೆಜ್ಜೆ 5: ಕ್ಯಾಮೆರಾ ಎಷ್ಟು ಅಲ್ಲ, ಎಲ್ಲಿ

ಮಾರುವವರು "ಇದು ನೂರು ಮೀಟರ್ ನೋಡುತ್ತೆ ಸಾರ್" ಅನ್ನುತ್ತಾರೆ. ನೋಡುತ್ತದೆ, ನಿಜ. ನೂರು ಮೀಟರ್ ದೂರದಲ್ಲಿ ಯಾರೋ ಹೋದರು ಅಂತ ಗೊತ್ತಾಗುತ್ತದೆ. ಯಾರು ಅಂತ ಗೊತ್ತಾಗುವುದಿಲ್ಲ. ಒಂದು ಸಣ್ಣ ಲೆಕ್ಕ ಕಲಿತುಕೊಳ್ಳಿ. ಗುರುತಿಲ್ಲದವನ ಮುಖ ಪತ್ತೆಯಾಗುವಷ್ಟು ಸ್ಪಷ್ಟ ಚಿತ್ರ ಬೇಕಾದರೆ, ಜಾಗದ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆ, ಸಿಗಬೇಕು ಎಂಬುದು 2014ರ ಅಂತರರಾಷ್ಟ್ರೀಯ ಮಾನದಂಡ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲ. ಭಾಗಿಸಿ ನೋಡಿ, ಏಳೂವರೆ ಮೀಟರ್ ಚಿಲ್ಲರೆ. ಅಂದರೆ ಒಂದು ಕ್ಯಾಮೆರಾ ಮುಖ ಹಿಡಿಯುವುದು ಒಂದು ಸಾಧಾರಣ ರಸ್ತೆಯ ಅಗಲದಷ್ಟು ಜಾಗದಲ್ಲಿ ಮಾತ್ರ. ಇಡೀ ಮೈದಾನವನ್ನು ಒಂದೇ ಕ್ಯಾಮೆರಾದಲ್ಲಿ ತುಂಬಿಸಲು ಹೋದರೆ ಇರುವೆಗಳ ಸಿನಿಮಾ ಸಿಗುತ್ತದೆ.

ಹಾಗಾಗಿ ಮೈದಾನಕ್ಕಲ್ಲ, ಮೈದಾನದ ಬಾಯಿಗೆ ಹಾಕಿ. ಜನ, ಗಾಡಿ ಹಾದುಹೋಗಲೇಬೇಕಾದ ಕಿರಿದಾದ ಜಾಗ ಹುಡುಕಿ. ತೀರಾ ಎತ್ತರಕ್ಕೆ ಏರಿಸಬೇಡಿ, ತಲೆ ಮೇಲಿನ ಟೋಪಿ ಮಾತ್ರ ಕಾಣುತ್ತದೆ. ನಂಬರ್ ಪ್ಲೇಟ್ ಹಿಡಿಯುವ ಕ್ಯಾಮೆರಾ ಬೇರೆಯೇ ಇರಲಿ. ರಾತ್ರಿ ಹೆಡ್‌ಲೈಟ್ ಬೆಳಕಿಗೆ ಮಾಮೂಲಿ ಕ್ಯಾಮೆರಾ ಕುರುಡಾಗುತ್ತದೆ. ಆಯ್ದ ಜಾಗದಲ್ಲಿ ರಾತ್ರಿ ಹತ್ತಕ್ಕೆ ಹೋಗಿ ನಿಂತು, ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ನೋಡಿ. ಮರದ ಕೊಂಬೆ, ಫ್ಲೆಕ್ಸ್ ಬೋರ್ಡು ಎಲ್ಲಿ ಅಡ್ಡ ಬರುತ್ತದೆ ಅಂತ ಆಗಲೇ ತಿಳಿಯುತ್ತದೆ. ಅಂದಹಾಗೆ, ನಮ್ಮಲ್ಲಿ ಕ್ಯಾಮೆರಾಗೆ ಜಾಸ್ತಿ ಅಡ್ಡ ಬಂದದ್ದು ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್. ಯಾರ ಹುಟ್ಟುಹಬ್ಬ ಅಂತ ಹೇಳುವುದಿಲ್ಲ.

ಕ್ಯಾಮೆರಾದ ಕಣ್ಣು ಯಾರ ಮನೆಯ ಕಿಟಕಿ, ಅಂಗಳಕ್ಕೂ ಬೀಳಬಾರದು. ಸಾರ್ವಜನಿಕ ನಲ್ಲಿ, ಶೌಚಾಲಯದ ಬಾಗಿಲು ಇದ್ದ ಕಡೆ ಮೊದಲು ಅಲ್ಲಿನ ಹೆಂಗಸರನ್ನು ಕೇಳಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಕೋರ್ಟಿನ ಮಾತು ಹಾಗಿರಲಿ, ನಮ್ಮ ನಕ್ಷೆಯಲ್ಲಿ ಒಂದು ಕಂಬದ ಜಾಗ ಬದಲಾದದ್ದು ನೀರು ಹಿಡಿಯುವ ಅಕ್ಕಂದಿರ ಬೈಗುಳದಿಂದ. ಅವರು ಹೇಳಿದ್ದೇ ಸರಿ ಇತ್ತು.

ಹೆಜ್ಜೆ 6: ಅಂದಾಜು ಪಟ್ಟಿಯಲ್ಲಿ ಐದು ವರ್ಷ ಬರೆಯಿರಿ

ಕೊಟೇಶನ್ ತಂದರೆ ಅದರಲ್ಲಿ ಕ್ಯಾಮೆರಾ, ಕಂಬ, ಕೇಬಲ್, ರೆಕಾರ್ಡರ್, ಕೂಲಿ ಇರುತ್ತದೆ. ಇಲ್ಲದಿರುವುದನ್ನು ನೀವು ಸೇರಿಸಬೇಕು.

ಮೊದಲು ಕರೆಂಟ್. ಬೀದಿ ದೀಪದ ಲೈನ್ ಅಲ್ಲ, 24 ಗಂಟೆಯ ಪ್ರತ್ಯೇಕ ಮೀಟರ್. ರಾತ್ರಿ ಬೆಳಕು ಬಿಡುವ ಕ್ಯಾಮೆರಾ ಒಂದಕ್ಕೆ 10 ವಾಟ್ ಅಂದುಕೊಳ್ಳಿ. ಎಂಟು ಕ್ಯಾಮೆರಾ, ರೆಕಾರ್ಡರ್, ಕ್ಯಾಮೆರಾಗಳ ಕೇಬಲ್ ಕೂಡುವ ನೆಟ್‌ವರ್ಕ್ ಸ್ವಿಚ್ ಸೇರಿ 150 ವಾಟ್. ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108. ಮೀಟರ್ ಯಾರ ಹೆಸರಿನಲ್ಲಿ, ಬಿಲ್ ಯಾರು ಕಟ್ಟುತ್ತಾರೆ ಅಂತ ಪಟ್ಟಿಯಲ್ಲೇ ಬರೆಯಿರಿ. ಎಸ್ಕಾಂ (ಕರೆಂಟ್ ಕಂಪನಿ) ಕಂಬಕ್ಕೆ ಕ್ಯಾಮೆರಾ ಕಟ್ಟುವುದಾದರೆ ಅವರ ಅನುಮತಿ ಪತ್ರ ಬೇಕು. ಇಲ್ಲದಿದ್ದರೆ ಲೈನ್‌ಮನ್ ಒಂದು ದಿನ ಬಂದು ಬಿಚ್ಚಿಟ್ಟು ಹೋಗುತ್ತಾನೆ. ತಪ್ಪು ಅವನದಲ್ಲ. ಯುಪಿಎಸ್ ಇರಲಿ. ಮಲೆನಾಡು, ಕರಾವಳಿ ಕಡೆಯವರು ಅರ್ತಿಂಗ್ ಮತ್ತು ಸಿಡಿಲು ರಕ್ಷಣೆಯ ಸಾಲನ್ನು ಮರೆಯಲೇಬೇಡಿ. ಏಪ್ರಿಲ್, ಮೇ ಗುಡುಗು ಮಳೆಯ ಒಂದೇ ಸಿಡಿಲಿಗೆ ಇಡೀ ರೆಕಾರ್ಡರ್ ಸುಟ್ಟುಹೋಗುತ್ತದೆ.

ಆಮೇಲೆ ಹಾರ್ಡ್ ಡಿಸ್ಕ್. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21.6 ಜಿಬಿ. 30 ದಿನಕ್ಕೆ 648 ಜಿಬಿ. ಎಂಟು ಕ್ಯಾಮೆರಾಗೆ 5 ಟಿಬಿಗಿಂತ ಜಾಸ್ತಿ. ಕೊಟೇಶನ್‌ನಲ್ಲಿ 2 ಟಿಬಿ ಅಂತ ಇದ್ದರೆ ಹನ್ನೊಂದು ದಿನಕ್ಕೇ ಹಳೆಯದು ಅಳಿಸಿಹೋಗುತ್ತದೆ. ಊರಿಗೆ ಹೋದವರು ಹದಿನೈದು ದಿನ ಬಿಟ್ಟು ಬಂದು ಬೀಗ ಒಡೆದದ್ದು ನೋಡಿದರೆ ಏನು ಮಾಡುತ್ತೀರಿ? ಹಗಲು ರಾತ್ರಿ ಓಡುವ ಡಿಸ್ಕಿಗೆ ಆಯುಸ್ಸೂ ಕಡಿಮೆ. ಐದು ವರ್ಷದಲ್ಲಿ ಒಮ್ಮೆ ಬದಲಿಸುವ ಖರ್ಚು ಬರೆದಿಡಿ.

ಮಾಮೂಲಿ ನೆಟ್‌ವರ್ಕ್ ಕೇಬಲ್ 100 ಮೀಟರ್ ತನಕ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ದೂರವಾದರೆ ಫೈಬರ್. ವಾರಂಟಿ ಮುಗಿದ ಮೇಲಿನ ವಾರ್ಷಿಕ ನಿರ್ವಹಣೆಯ ದರವನ್ನು ಖರೀದಿಯ ದಿನವೇ ನಿಗದಿ ಮಾಡಿಸಿ. ಮೂರು ವರ್ಷದ ಮೇಲೆ ಕೇಳಿದರೆ ಅವರು ಹೇಳಿದ್ದೇ ದರ.

ಹೆಜ್ಜೆ 7: ಮನವಿ, ಠರಾವು, ಟೆಂಡರ್

ಮನವಿ ಒಂದು ಪುಟ ಮೀರಬಾರದು. ಸಾರಾಂಶ ಹೀಗಿರಲಿ: "ಸಂತೆ ಮೈದಾನದ ಹಿಂಬದಿಯಲ್ಲಿ ಎರಡು ವರ್ಷದಲ್ಲಿ ಒಂಬತ್ತು ಬೈಕ್ ಕಳವು ಪ್ರಕರಣ ದಾಖಲಾಗಿವೆ, ಅಪರಾಧ ಸಂಖ್ಯೆಗಳ ಪಟ್ಟಿ ಲಗತ್ತಿಸಿದೆ. ಮೈದಾನದ ಎರಡು ಬಾಯಿಗಳಲ್ಲಿ ಕ್ಯಾಮೆರಾ, ಎರಡು ಬೀದಿ ದೀಪ ಮತ್ತು ಸಂತೆಯ ದಿನ ಗಸ್ತು ಬೇಕಿದೆ. ಅಳವಡಿಕೆಯ ಅಂದಾಜು ಮತ್ತು ಐದು ವರ್ಷದ ನಿರ್ವಹಣಾ ಖರ್ಚು ಲಗತ್ತಿಸಿದೆ. ಜಾಗದ ಬಗ್ಗೆ ಠಾಣಾಧಿಕಾರಿಗಳ ಅಭಿಪ್ರಾಯ ಪತ್ರ ಜತೆಗಿದೆ." ಠಾಣೆಯ ಆ ಪತ್ರ ಇದ್ದರೆ ಕಡತ ಓಡುತ್ತದೆ. ಸ್ವೀಕೃತಿ ಸೀಲ್ ಹಾಕಿಸಿದ ಪ್ರತಿ ನಿಮ್ಮ ಹತ್ತಿರ ಇರಲಿ.

ಸಭೆಯಲ್ಲಿ ಚರ್ಚೆ ಆದರೆ ಸಾಲದು, ನಡಾವಳಿ ಪುಸ್ತಕದಲ್ಲಿ ಏರಬೇಕು. ಮುಂದಿನ ಸಭೆಗೆ ಹೋಗಿ ನಡಾವಳಿ ಓದಿಸಿ ಕೇಳಿ. ನಮ್ಮ "ನಿರ್ವಹಣೆ ಸಹಿತ" ಎಂಬ ಎರಡು ಪದ ಮೊದಲ ಸಲ ಬರೆಯುವಾಗ ಬಿಟ್ಟುಹೋಗಿತ್ತು. ಅದನ್ನು ಸೇರಿಸಲು ಎರಡು ತಿಂಗಳು ಹಿಡಿಯಿತು.

ಖರೀದಿ 1999ರ ಪಾರದರ್ಶಕತೆ ಕಾಯ್ದೆಯಂತೆ ನಡೆಯುತ್ತದೆ, ಮೊತ್ತ ದೊಡ್ಡದಾದರೆ ಟೆಂಡರ್ ರಾಜ್ಯ ಸರಕಾರದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಬರುತ್ತದೆ. ಅಲ್ಲಿ ಯಾರು ಬೇಕಾದರೂ ಓದಬಹುದು. ಒಂದು ವಿಷಯ ಗಮನಿಸಿ: 2025ರ ಏಪ್ರಿಲ್ 9ರಿಂದ ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಪರೀಕ್ಷೆ ಪಾಸಾದ ಸಿಸಿಟಿವಿ ಕ್ಯಾಮೆರಾಗಳನ್ನೇ ಮಾರಬೇಕು ಎಂಬ ನಿಯಮ ಬಂದಿದೆ. ಆ ಪರೀಕ್ಷೆ ಪಾಸಾದದ್ದಕ್ಕೆ ಎಸ್‌ಟಿಕ್ಯೂಸಿ ಪ್ರಮಾಣಪತ್ರ ತೋರಿಸಿ ಅಂತ ಕೇಳಿ. ಗೋದಾಮಿನಲ್ಲಿ ಉಳಿದ ಹಳೆ ಮಾಲು ನಿಮ್ಮ ಕಂಬಕ್ಕೆ ಏರುವುದು ಬೇಡ.

ಬಿಲ್ ಪಾಸಾಗುವ ಮುಂಚೆ ಒಂದು ರಾತ್ರಿ ಪರೀಕ್ಷೆ ಮಾಡಿ. ನಿಮ್ಮಲ್ಲೊಬ್ಬರು ಬೈಕಿನಲ್ಲಿ ಹಾದುಹೋಗಿ, ಇನ್ನೊಬ್ಬರು ಪರದೆ ಮುಂದೆ ಕೂತು ಮುಖ, ನಂಬರ್ ಓದಿ. ಮೀಟರ್ ಆಫ್ ಮಾಡಿ ಯುಪಿಎಸ್ ಎಷ್ಟು ಹೊತ್ತು ಎಳೆಯುತ್ತದೆ ನೋಡಿ. ರೆಕಾರ್ಡರ್‌ನ ಗಡಿಯಾರವನ್ನು ಮೊಬೈಲಿನ ಗಂಟೆಗೆ ಹೋಲಿಸಿ. ಗಡಿಯಾರ ನಲವತ್ತು ನಿಮಿಷ ಹಿಂದಿದ್ದರೆ ಆರೋಪಿ ಕಡೆಯ ವಕೀಲರಿಗೆ ಅಷ್ಟೇ ಸಾಕು.

ಹೆಜ್ಜೆ 8: ಪೆಟ್ಟಿಗೆಯ ಕೀಲಿ, ಪಾಸ್‌ವರ್ಡ್ ಯಾರ ಹತ್ತಿರ?

ಕಳ್ಳರು ಈಗ ಕ್ಯಾಮೆರಾಗೆ ಹೆದರುವುದಿಲ್ಲ, ಹೋಗುವಾಗ ಡಿವಿಆರ್ (ರೆಕಾರ್ಡರ್ ಪೆಟ್ಟಿಗೆ) ಅನ್ನೇ ಹೊತ್ತುಕೊಂಡು ಹೋಗುತ್ತಾರೆ. ಹಾಗಾಗಿ ರೆಕಾರ್ಡರ್ ಠಾಣೆಯಲ್ಲೋ, ಬೀಗ ಇರುವ ಕಬ್ಬಿಣದ ಪೆಟ್ಟಿಗೆಯಲ್ಲೋ ಇರಲಿ. ಕಂಪನಿಯಿಂದ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಾಗಬೇಕು. ಅಳವಡಿಸಿದ ಹುಡುಗನ ಮೊಬೈಲಿನಲ್ಲಿ ಇಡೀ ಊರು ಲೈವ್ ಕಾಣುತ್ತಿದೆಯೇ ಅಂತ ಕೇಳಿ, ಅಳಿಸಿಸಿ.

ದೃಶ್ಯ ಕೇಳಿದವರಿಗೆಲ್ಲ ಕೊಡಬೇಡಿ. ಒಂದು ರಿಜಿಸ್ಟರ್ ಇಡಿ: ದಿನಾಂಕ, ಯಾರು ಕೇಳಿದರು, ಯಾಕೆ, ಯಾವ ಹೊತ್ತಿನದು. ಕಾಲೇಜಿನ ಹುಡುಗ ಹುಡುಗಿ ಮಾತಾಡಿದ ದೃಶ್ಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋದರೆ, ಮರುದಿನವೇ ಜನ ಕ್ಯಾಮೆರಾ ತೆಗೆಸಿ ಅನ್ನುತ್ತಾರೆ. ಅನ್ನಲೇಬೇಕು.

ಕೋರ್ಟಿಗೆ ಹೋಗುವ ದೃಶ್ಯದ ದಾರಿ ಬೇರೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜತೆ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದು ಭಾಗಕ್ಕೆ ಸಾಧನದ ಉಸ್ತುವಾರಿ ಇದ್ದವರ ಸಹಿ, ಇನ್ನೊಂದಕ್ಕೆ ಪರಿಣತರ ಸಹಿ. ದೃಶ್ಯವನ್ನು ಆಮೇಲೆ ಯಾರೂ ತಿದ್ದಿಲ್ಲ ಅಂತ ತಾಳೆ ನೋಡಲು ಬರುವ ಕಡತದ ಹ್ಯಾಶ್ ಸಂಖ್ಯೆಯೂ ಅದರಲ್ಲಿರುತ್ತದೆ. ಉಸ್ತುವಾರಿ ಯಾರು ಅಂತ ಠರಾವಿನಲ್ಲೇ ಹುದ್ದೆಯ ಹೆಸರು ಹಾಕಿ ಬರೆದಿರದಿದ್ದರೆ, ಸಹಿ ಹಾಕಲು ಆಗ ಯಾರೂ ಮುಂದೆ ಬರುವುದಿಲ್ಲ.

ಹೆಜ್ಜೆ 9: ತಿಂಗಳಿಗೊಂದು ಶನಿವಾರ

ನಾವು ಇಬ್ಬರು ತಿಂಗಳಿಗೊಮ್ಮೆ ಠಾಣೆಗೆ ಹೋಗಿ ಎಂಟು ಕ್ಯಾಮೆರಾದ ಚಿತ್ರವನ್ನೂ ನೋಡುತ್ತೇವೆ. ಇಪ್ಪತ್ತೊಂಬತ್ತು ದಿನದ ಹಿಂದಿನ ಒಂದು ದೃಶ್ಯ ತೆರೆಯುತ್ತದೆಯೇ ಅಂತ ಪರೀಕ್ಷಿಸುತ್ತೇವೆ. ಕೆಟ್ಟಿದ್ದರೆ ಅಲ್ಲೇ ಕೂತು ನಿರ್ವಹಣೆಯವರಿಗೆ ದೂರು ಬರೆದು, ದೂರಿನ ಸಂಖ್ಯೆಯನ್ನು ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಗೆ ಕಳಿಸುತ್ತೇವೆ. ದೂರಿಗೆ ಇಷ್ಟು ದಿನದಲ್ಲಿ ಬರದಿದ್ದರೆ ಬಿಲ್ಲಿನಲ್ಲಿ ಕಡಿತ ಅಂತ ಕರಾರಿನಲ್ಲಿ ಇದೆ, ಅದಕ್ಕೇ ಬರುತ್ತಾರೆ.

ಆರು ತಿಂಗಳಿಗೊಮ್ಮೆ ಹಳೆಯ ನಕ್ಷೆ ತೆಗೆದು ಹೊಸ ಚುಕ್ಕೆ ಇಡುತ್ತೇವೆ. ಮೈದಾನದ ಹಿಂದೆ ಈಗ ಕಳವು ಕಡಿಮೆ. ಮಾರುಕಟ್ಟೆ ಓಣಿಯಲ್ಲಿ ಎರಡು ಹೊಸ ಚುಕ್ಕೆ ಬಂದಿವೆ. ಅಲ್ಲಿಗೆ ಒಂದು ಕ್ಯಾಮೆರಾ ಸಾಗಿಸಬೇಕೇ ಅಂತ ಮುಂದಿನ ಸಭೆಯಲ್ಲಿ ಮಾತಾಡಬೇಕು.

ಇನ್ನೊಂದು ಖರ್ಚು ಯಾವ ಕೊಟೇಶನ್‌ನಲ್ಲೂ ಇರುವುದಿಲ್ಲ. ರಾತ್ರಿ ಕ್ಯಾಮೆರಾದ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಗಾಜಿನ ಮುಂದೆ ಬಲೆ ಕಟ್ಟಿದರೆ ರಾತ್ರಿಯ ಚಿತ್ರವೆಲ್ಲ ಬಿಳಿ. ಅದಕ್ಕೆ ಒಂದು ಉದ್ದ ಬಿದಿರು ಕೋಲು, ತುದಿಗೆ ಹಳೆ ಬನಿಯನ್ ಬಟ್ಟೆ. ನಮ್ಮದು ಸಂತೆ ಮೈದಾನದ ಪಕ್ಕದ ಸೈಕಲ್ ಶಾಪಿನಲ್ಲಿ ಇಟ್ಟಿದ್ದೇವೆ.